ಗುಂಡಮ್ಮ, ಅಂಚಿಕಡ್ಡಿ, ಚಬ್ಬಿ, ಫಿಗರ್: ಹೆಣ್ಮಕ್ಕಳ ಮೈ ಬಗ್ಗೆ ಬಾಯಿ ಬಿಡೋ ಮುಂಚೆ

ಮಂಡ್ಯದಲ್ಲಿ ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ, ಮದುವೆ ಸೀಸನ್ ಬಂದ್ರೆ ಮೈಸೂರಿಂದಾನೂ ಬ್ಲೌಸ್ ಹೊಲಿಸೋಕೆ ಬರ್ತಾರೆ, ಹಾಗಾಗಿ ಹೆಣ್ಮಕ್ಕಳ ಮೈ ಬಗ್ಗೆ ಜನ ಆಡೋ ಮಾತು ದಿನಾ ಕಿವಿಗೆ ಬೀಳ್ತಾನೇ ಇರುತ್ತೆ. ಗುಂಡಮ್ಮ, ಡುಮ್ಮಿ, ಅಂಚಿಕಡ್ಡಿ, ಪೀಚಲು, ಕುಳ್ಳಿ, ಚಬ್ಬಿ, ಫಿಗರ್. ಒಂದೇ ಪದಕ್ಕೆ ಒಬ್ಬರು ನಗ್ತಾರೆ, ಇನ್ನೊಬ್ಬರ ಮುಖ ಬಾಡೋಗುತ್ತೆ. ಅಮ್ಮ "ಪ್ರೀತಿಯಿಂದ ಅಂದಿದ್ದು ಕಣೇ" ಅಂತಾರೆ, ಮಗಳು "ಆ ಪ್ರೀತೀನೇ ಬೇಡ" ಅಂತಾಳೆ, ಅಳತೆ ಟೇಪ್ ಹಿಡ್ಕೊಂಡು ಮಧ್ಯ ನಿಂತಿರೋಳು ನಾನು. ನನ್ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಒಂದು ಪದ ನೋವು ಮಾಡುತ್ತಾ, ಮಾಡಲ್ವಾ ಅಂತ ಹೇಳೋ ಹಕ್ಕು ಆ ಮೈ ಯಾರದ್ದೋ ಅವರಿಗೆ, ಅಂದೋರಿಗಲ್ಲ. ಆದ್ರೆ ಮನೇಲಿ, ಅಂಗಡೀಲಿ, ಮದುವೇಲಿ ಮಾತು ಬಂದೇ ಬರುತ್ತಲ್ವಾ, ಅದನ್ನ ಹೇಗೆ ನಿಭಾಯಿಸೋದು ಅಂತ ಬರೀತಿದೀನಿ.

ಅಂದೋರು ಯಾರು ಅಂತ ಮೊದ್ಲು ನೋಡಿ

ನಮ್ ಕಡೆ ವಯಸ್ಸಾದ ಹೆಂಗಸರು "ಮೈಕೈ ತುಂಬ್ಕೊಂಡು ಲಕ್ಷಣವಾಗವ್ಳೆ" ಅಂದ್ರೆ ಅದು ಆಶೀರ್ವಾದ. "ಯಾಕಮ್ಮಿ ಇಂಗೆ ಸೊರಗೋಗಿದ್ದೀಯ" ಅಂದ್ರೆ ಅದು ಚಿಂತೆ. ಅವರು ಬೆಳೆದ ಕಾಲದಲ್ಲಿ ಸಣ್ಣಗಾಗೋದು ಅಂದ್ರೆ ಒಂದೋ ಊಟ ಇಲ್ಲ, ಇಲ್ಲ ಕಾಯಿಲೆ, ಟಿಬಿ ಬಂದಿದ್ಯೇನೋ ಅನ್ನೋ ಭಯ. ನಾಲೆ ನೀರು ಬರೋ ಊರಿನ ಕಥೆ ಬೇರೆ, ನಾಗಮಂಗಲದ ಕಡೆ ಮಳೆ ನಂಬ್ಕೊಂಡು ರಾಗಿ ಬೆಳೆದ ಮನೆಗಳಲ್ಲಿ ಹೊಟ್ಟೆ ತುಂಬಾ ತಿಂದೋಳ ಮೈ ಅಂದ್ರೆ ಆ ಮನೆ ಮರ್ಯಾದೆ. ಸೊಸೆ ಸಣ್ಣಗಾದ್ರೆ "ಅತ್ತೆ ಮುದ್ದೆ ಹಾಕಲ್ವಾ" ಅಂತ ಊರೇ ಕೇಳೋದು. ಇದನ್ನ ತಿಳ್ಕೊಂಡ್ರೆ ಅಜ್ಜಿ ಮೇಲೆ ಕೋಪ ಅರ್ಧ ಇಳಿಯುತ್ತೆ. ಅದೇ ಮಾತನ್ನ ಮೈಸೂರಲ್ಲಿ ಹಾಸ್ಟೆಲ್‌ನಲ್ಲಿರೋ ಮೊಮ್ಮಗಳು ಕೇಳಿಸ್ಕೊಂಡು ಅವತ್ತು ರಾತ್ರಿ ಊಟ ಬಿಡ್ತಾಳೆ, ಇದೂ ನಿಜ. ಇಬ್ರೂ ಸುಳ್ಳು ಹೇಳ್ತಿಲ್ಲ, ಪದ ಒಂದೇ ಆದ್ರೂ ಕಾಲ ಬೇರೆ.

ಕಾಲ ಅಂದಾಗ ಒಂದು ವಿಷ್ಯ. ಹಳೇ ಕಾವ್ಯದಲ್ಲಿ ಹೆಣ್ಣನ್ನ ಗಜಗಮನೆ ಅಂತಾರೆ, ಆನೆ ತರ ನಿಧಾನಕ್ಕೆ ಗಂಭೀರವಾಗಿ ನಡೆಯೋಳು ಅಂತ ಹೊಗಳೋದು. ಈಗ ಕಾಲೇಜ್ ಕಾರಿಡಾರ್‌ನಲ್ಲಿ ಆನೆ ಅಂದ್ರೆ ಹುಡುಗಿ ಮನೆಗೆ ಹೋಗಿ ಅಳ್ತಾಳೆ. ಸೋಮನಾಥಪುರಕ್ಕೆ ಹೋದ್ರೆ 1258ರಲ್ಲಿ ಕಟ್ಟಿದ ಹೊಯ್ಸಳರ ಕೇಶವ ದೇವಸ್ಥಾನದ ಗೋಡೆ ಮೇಲಿರೋ ಹೆಂಗಸರನ್ನ ನಿಂತು ನೋಡಿ, ದುಂಡು ಮುಖ, ತುಂಬಿದ ತೋಳು, ಅಗಲ ಸೊಂಟ, ಎತ್ತರಾನೂ ಕಮ್ಮಿ. ಆ ಕಾಲದ ಶಿಲ್ಪಿಗೆ ಅದೇ ಚೆಂದ. ಮಗಳನ್ನ ಒಂದ್ಸಲ ಕರ್ಕೊಂಡು ಹೋಗಿ ತೋರಿಸಿ, ನಾನು ಎಷ್ಟೋ ಅಮ್ಮಂದಿರಿಗೆ ಇದನ್ನ ಹೇಳಿದೀನಿ. ಹಂಗಂತ ದಪ್ಪ ಇರೋದೇ ನಿಜವಾದ ಸೌಂದರ್ಯ, ತೆಳ್ಳಗಿರೋರೆಲ್ಲ ಒಣಕಲು ಅಂತ ಉಲ್ಟಾ ಹೊಡೀಬೇಡಿ, ಆ ಚಾಳಿ ಈಗ ಜಾಸ್ತಿ ಆಗ್ತಿದೆ. ಅದೇ ಹಳೇ ಕಾವ್ಯದಲ್ಲಿ ಬಡನಡು ಅಂತ ಸಣ್ಣ ಸೊಂಟಾನೂ ಹೊಗಳಿದಾರೆ.

ಯಾವ ಪದ ಯಾವ ತರದ್ದು

ದಪ್ಪ, ಸಣ್ಣ, ಉದ್ದ, ಕುಳ್ಳಗೆ, ಇವು ಬರೀ ಇರೋದನ್ನ ಹೇಳೋ ಪದಗಳು. ಅವಶ್ಯಕತೆ ಇದ್ದಾಗ ಮೆತ್ತಗೆ ಹೇಳಿದ್ರೆ ತಪ್ಪಿಲ್ಲ. "ನಾನ್ ದಪ್ಪ ಇದೀನಕ್ಕ, ನನಗೆ ಪ್ರಿನ್ಸೆಸ್ ಕಟ್ ಒಪ್ಪುತ್ತಾ" ಅಂತ ತಾವೇ ಕೇಳೋರು ಎಷ್ಟೋ ಜನ ಇದಾರೆ, ಅವರ ಬಾಯಲ್ಲಿ ಆ ಪದಕ್ಕೆ ಮುಳ್ಳೇ ಇರಲ್ಲ. ಆದ್ರೆ ಅವಳೇ ಅಂದ್ಕೊಂಡ್ಲು ಅಂತ ನೀವೂ ಅನ್ನೋಕೆ ಹೋಗ್ಬೇಡಿ.

ಡ್ರಮ್, ಪೀಪಾಯಿ, ಮೂಟೆ, ಅಂಚಿಕಡ್ಡಿ, ನರಪೇತಲ. ಇವು ಮನುಷ್ಯರನ್ನ ಸಾಮಾನು ಮಾಡೋ ಪದಗಳು, ಪಕ್ಕದಲ್ಲಿ ನಗೋಕೆ ಯಾರೂ ಇಲ್ಲ ಅಂದ್ರೆ ಇವನ್ನ ಯಾರೂ ಹೇಳೋದೇ ಇಲ್ಲ, ಗಮನಿಸಿ ನೋಡಿ. ಇವುಗಳಲ್ಲಿ ಚರ್ಚೆಗೆ ಏನೂ ಇಲ್ಲ, ಬಿಟ್ಬಿಡಿ. ಸಣ್ಣಗಿರೋಳಿಗೆ ಅಂಚಿಕಡ್ಡಿ ಅಂದ್ರೆ ಬೇಜಾರಾಗಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆಗುತ್ತೆ. ಬ್ಲೌಸ್ ಎದೆ ಭಾಗಕ್ಕೆ ಪ್ಯಾಡ್ ಇಡಿ ಅಂತ ತಲೆ ಬಗ್ಗಿಸ್ಕೊಂಡು ಪಿಸುಗುಟ್ಟೋ ಹುಡುಗೀರನ್ನ ನೋಡಿದೀನಿ, ಅದು ಯಾರೋ ಆಡಿದ ಮಾತಿನ ಫಲ.

ಜಗಳ ಜಾಸ್ತಿ ಆಗೋದು ಗುಂಡಮ್ಮ, ಗುಂಡು, ಡುಮ್ಮಿ ಅನ್ನೋ ಮುದ್ದಿನ ಹೆಸರುಗಳ ಮೇಲೆ. ನಮ್ ಊರುಗಳಲ್ಲಿ ಮಗು ದುಂಡಗೆ ಹುಟ್ತು ಅಂತ ಗುಂಡ, ಗುಂಡಿ ಅಂತ ಕರೆಯೋದು ಹೊಸದೇನಲ್ಲ. ಕೆಲವು ಹೆಂಗಸರಿಗೆ ನಲವತ್ತಾದ್ರೂ ತವರುಮನೇಲಿ ಆ ಹೆಸರಲ್ಲಿ ಕರೆದ್ರೇನೇ ತವರು ಅನ್ಸೋದು. ಇನ್ ಕೆಲವರು ಹತ್ತನೇ ಕ್ಲಾಸಿಗೇ ಅದನ್ನ ಕೇಳಿ ಕೇಳಿ ಸಾಕಾಗಿ ಹೋಗಿದಾರೆ. ಇದಕ್ಕೆ ನಾನು ಕಂಡ್ಕೊಂಡ ದಾರಿ: ಕೇಳಿಬಿಡಿ. ಯಾರೂ ಇಲ್ಲದಾಗ, "ನಿನ್ನನ್ನ ಹಂಗೆ ಕರೆದ್ರೆ ಇಷ್ಟಾನಾ ಇಲ್ವಾ" ಅಂತ. ಬೇಡ ಅಂದ್ರೆ ಅವತ್ತಿಂದ ನಿಲ್ಲಿಸಿ, "ಚಿಕ್ಕೋಳಿದ್ದಾಗ ಒಪ್ಕೋತಿದ್ಯಲ್ಲ" ಅಂತ ವಾದ ಬೇಡ. ಇಷ್ಟ ಅಂದ್ರೂ ಅದು ಮನೆ ಒಳಗಿನ ಹೆಸರು, ಅವಳ ಗಂಡನ ಮನೆಯವರ ಮುಂದೆ, ಆಫೀಸ್ ಗೆಳತಿಯರ ಮುಂದೆ ಕೂಗೋದಲ್ಲ.

ಇಂಗ್ಲಿಷ್ ಪದಗಳು ನಯ ಅನ್ನೋ ನಂಬಿಕೆ ಮೈಸೂರಲ್ಲಿ ಸ್ವಲ್ಪ ಜಾಸ್ತಿ. ದೇವರಾಜ ಅರಸು ರಸ್ತೆ ಕಡೆ ಬಟ್ಟೆ ಅಂಗಡಿಗೆ ಹೋದ್ರೆ ಚಬ್ಬಿ, ಕರ್ವಿ, ಪ್ಲಸ್ ಸೈಜ್, ಹೆಲ್ದಿ ಅನ್ನೋದು ಕೇಳ್ಸುತ್ತೆ. ಪ್ಲಸ್ ಸೈಜ್ ಅನ್ನೋದು ಬಟ್ಟೆ ಹೆಸರು, ಬಟ್ಟೆಗೆ ಹೇಳಿ, ಆಯ್ತು. ಕರ್ವಿ ಅಂತ ಹೆಂಗಸರೇ ತಮಗೆ ಹೇಳ್ಕೊಂಡ್ರೆ ಒಂದು, ಗಂಡಸು ಹೇಳಿದ್ರೆ ಇನ್ನೊಂದು, ಅದನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ. ನನಗೆ ಜಾಸ್ತಿ ತಕರಾರು ಇರೋದು "ಹೆಲ್ದಿ" ಮೇಲೆ. ದಪ್ಪ ಅನ್ನೋಕೆ ಸಂಕೋಚ ಆಗಿ ಹೆಲ್ದಿ ಅಂತಾರೆ, ಆದ್ರೆ ಮೈ ನೋಡಿ ಆರೋಗ್ಯ ಹೇಳೋಕಾಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ, ನೂರಕ್ಕೆ 24 ಜನಕ್ಕೆ ತೂಕ ಜಾಸ್ತಿ, 19ರ ಹತ್ರ ಜನಕ್ಕೆ ತೂಕ ಕಮ್ಮಿ. ರಕ್ತ ಕಮ್ಮಿ ಇರೋರು ದಪ್ಪ, ಸಣ್ಣ, ಮಧ್ಯಮ ಎಲ್ಲ ಕಡೆನೂ ಇದಾರೆ. ನಮ್ ದೇಶದೋರಿಗೆ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 23 ದಾಟಿದ್ರೇನೇ ತೂಕ ಜಾಸ್ತಿ ಅಂತ ಡಾಕ್ಟರ್‌ಗಳು ಲೆಕ್ಕ ಹಾಕ್ತಾರೆ, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ರೆ ಎಚ್ಚರಿಕೆ ಅಂತಾರೆ, ನಮ್ ಟೇಪಲ್ಲಿ ಅದು ಮೂವತ್ತೊಂದೂವರೆ ಇಂಚು. ಕೈಕಾಲು ಕಡ್ಡಿ ತರ ಇದ್ದು ಹೊಟ್ಟೆ ಮಾತ್ರ ಬಂದಿರೋರು ನನ್ ಅಂಗಡಿಗೆ ಬೇಕಾದಷ್ಟು ಜನ ಬರ್ತಾರೆ, ಊರವರ ಬಾಯಲ್ಲಿ ಅವರು "ಸ್ಲಿಮ್". ಆದ್ರಿಂದ ಆರೋಗ್ಯದ ಮಾತು ಡಾಕ್ಟರ್ ಹತ್ರ, ರಕ್ತ ಪರೀಕ್ಷೆ ಹತ್ರ ಇರ್ಲಿ, ಮದುವೆ ಮನೆ ಪಂಕ್ತೀಲಿ ಬೇಡ.

ಫಿಗರ್, ಪೀಸ್, ಐಟಂ. ಇವಕ್ಕೆ ಕೊನೆಗೆ ಬರ್ತೀನಿ, ಇವು ಮೈ ವಿವರಿಸೋ ಪದಗಳೇ ಅಲ್ಲ.

ಅಳತೆ ಹೇಳಲೇಬೇಕಾದಾಗ

ಟೈಲರ್‌ಗಳು, ಬಟ್ಟೆ ಅಂಗಡಿಯವರು, ಮದುವೆಗೆ ಒಂದೇ ತರ ಸೀರೆ ಬ್ಲೌಸ್ ಮಾಡಿಸೋರು, ನಿಮಗೆ ಇದು. ಮೈ ಬಗ್ಗೆ ಹೇಳ್ಬೇಡಿ, ಬಟ್ಟೆ ಬಗ್ಗೆ ಹೇಳಿ. "ಅಯ್ಯೋ ಎಷ್ಟ್ ದಪ್ಪ ಆಗ್ಬಿಟ್ಟಿದೀರ" ಅನ್ನೋ ಬದ್ಲು "ಬ್ಲೌಸ್ ಬಿಗಿ ಆಗಿದೆ, ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಿ ಕೊಡ್ತೀನಿ" ಅನ್ನಿ. ಸೈಡ್ ಹೊಲಿಗೇಲಿ ಒಂದೊಂದಿಂಚು ಬಿಟ್ಟಿದ್ರೆ ಆರಾಮಾಗಿ ಎರಡು ಮೂರಿಂಚು ದೊಡ್ಡದು ಮಾಡ್ಬಹುದು, ಬಾಣಂತೀರಿಗೆ ಹೊಲಿಯುವಾಗ ಅವರು ಕೇಳ್ದೇ ಇದ್ರೂ ಬಿಡಿ. ನಂಬರನ್ನ ಅಂಗಡಿ ತುಂಬಾ ಕೇಳೋ ಹಾಗೆ ಕೂಗ್ಬೇಡಿ, ಎದೆ 42 ಸೊಂಟ 38 ಅಂತ ಕೂಗಿ ಬರೆಸೋ ಅಭ್ಯಾಸ ನಮ್ ಕಸುಬಲ್ಲಿ ತುಂಬಾ ಇದೆ, ನಾನೇ ಅಳತೆ ತಗೊಂಡು ನಾನೇ ಬರ್ಕೋತೀನಿ. ಸೀರೆ ಜೊತೆ ಬರೋ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್, ದೊಡ್ಡ ಅಳತೆಗೆ ಉದ್ದ ತೋಳು ಬೇಕು ಅಂದ್ರೆ ಸಾಲಲ್ಲ. ಆಗ "ನಿಮ್ ಸೈಜಿಗೆ ಆಗಲ್ಲ" ಅಂತಾರೆ. "ಪೀಸ್ ಚಿಕ್ಕದು ಕೊಟ್ಟಿದಾರೆ, ತೋಳಿಗೆ ಬೇರೆ ಬಟ್ಟೆ ಹಾಕೋಣ" ಅಂದ್ರೆ ಅದೂ ನಿಜವೇ, ಯಾರಿಗೂ ನೋವಿಲ್ಲ.

ರೆಡಿಮೇಡ್ ಕುರ್ತಾ ಹಾಕಿ ನೋಡಿ ಎಕ್ಸೆಲ್ ಹಿಡೀಲಿಲ್ಲ ಅಂತ ಟ್ರಯಲ್ ರೂಮಲ್ಲಿ ಬೇಜಾರು ಮಾಡ್ಕೊಳ್ಳೋ ಹುಡುಗೀರಿಗೆ: ಒಂದು ಕಂಪನಿ ಎಲ್ ಇನ್ನೊಂದು ಕಂಪನಿ ಎಕ್ಸೆಲ್, ನಮ್ ದೇಶದ ಜನರ ಮೈಗೆ ಅಂತಲೇ ಒಂದು ಸೈಜ್ ಚಾರ್ಟ್ ಇರ್ಲಿಲ್ಲ, ಅದಕ್ಕೇ ಫ್ಯಾಷನ್ ಕಲಿಸೋ ನಿಫ್ಟ್ ಸಂಸ್ಥೆಯವರು ಇಂಡಿಯಾಸೈಜ್ ಅಂತ ಯೋಜನೆ ಹಿಡಿದು 3ಡಿ ಸ್ಕ್ಯಾನರಲ್ಲಿ 25 ಸಾವಿರ ಜನರ ಅಳತೆ ತೆಗೆಯೋ ಕೆಲಸಕ್ಕೆ ಇಳಿದಿದ್ದು. ಆ ಲೇಬಲ್ ನಿಮ್ ಬಗ್ಗೆ ಏನೂ ಹೇಳ್ತಿಲ್ಲ.

ತುಂಬಾ ದಿನ ಆದ್ಮೇಲೆ ಸಿಕ್ಕಾಗ

"ದಪ್ಪ ಆಗಿದೀಯ", "ಇಳಿದೋಗಿದೀಯ", ಎರಡೂ ಬೇಡ. ಥೈರಾಯ್ಡ್ ಇರ್ಬಹುದು, ಪಿಸಿಓಡಿ ಇರ್ಬಹುದು, ಮಾತ್ರೆಯಿಂದ ಊದಿಕೊಂಡಿರ್ಬಹುದು, ಹೊಟ್ಟೇಲಿದ್ದ ಮಗು ಹೋಗಿರ್ಬಹುದು, ಯಾವುದನ್ನೂ ಅವಳು ಆ ಗುಂಪಲ್ಲಿ ಹೇಳೋಕಾಗಲ್ಲ. ಸಣ್ಣಗಾಗಿರೋಳನ್ನ "ವಾವ್ ಸೂಪರ್" ಅಂತ ಹೊಗಳಿದ್ರೂ ಅದೇ ಕಥೆ, ಅವಳು ಶುಗರ್ ಬಂದು ಇಳಿದಿರ್ತಾಳೆ. "ಹೆಂಗಿದೀಯ, ಕೆಲಸ ಹೆಂಗ್ ನಡೀತಿದೆ, ಸೀರೆ ಎಲ್ಲಿ ತಗೊಂಡೆ" ಅಂತ ಶುರು ಮಾಡಿ. ನಿಜವಾಗ್ಲೂ ಚಿಂತೆ ಆಗಿದ್ರೆ ಪಕ್ಕಕ್ಕೆ ಕರೆದು "ಸುಸ್ತಾದ ಹಂಗೆ ಕಾಣ್ತಿದೀಯ, ಹುಷಾರಾಗಿದೀಯ ತಾನೇ" ಅಂತ ಕೇಳಿ ಸಾಕು.

ನಿಮಗೇ ಅಂದಾಗ

ಅಜ್ಜಿ, ದೊಡ್ಡಮ್ಮ ಅಂದ್ರೆ ಜಗಳ ಬೇಡ, ಆದ್ರೆ ಸುಮ್ನೆ ನುಂಗ್ಕೊಳ್ಳೋದೂ ಬೇಡ. "ಅಜ್ಜಿ, ಚೆನ್ನಾಗಿ ಉಣ್ತಿದೀನಿ, ನನ್ ಮೈ ವಿಷ್ಯ ಎಲ್ಲರ ಮುಂದೆ ಆಡ್ಬೇಡ, ನನಗೆ ಒಂಥರಾ ಆಗುತ್ತೆ" ಅಂತ ಕೈ ಹಿಡ್ಕೊಂಡು ಹೇಳಿ. "ಬಾಡಿ ಶೇಮಿಂಗ್" ಅಂತ ಶುರು ಮಾಡಿದ್ರೆ ಅವರಿಗೆ ತಾವೇನೋ ಅಪರಾಧ ಮಾಡಿದ್ವಿ ಅನ್ಸಿ ಮಾತೇ ನಿಂತೋಗುತ್ತೆ, ಒಂಥರಾ ಆಗುತ್ತೆ ಅಂದ್ರೆ ಅರ್ಥ ಆಗುತ್ತೆ. ಸ್ನೇಹಿತೆಯರಿಗೆ ನೇರವಾಗಿ "ಈ ಹೆಸರು ಬೇಡ ಕಣೆ" ಅನ್ನಿ, ಎರಡನೇ ಸಲ ಅಂದ್ರೆ ಓಗೊಡಬೇಡಿ, ನಿಮ್ ಹೆಸರಲ್ಲಿ ಕರೆಯೋವರೆಗೂ.

ಹೆಣ್ಣು ನೋಡೋಕೆ ಬಂದೋರು "ಹುಡುಗಿ ಸ್ವಲ್ಪ ದಪ್ಪ ಆಯ್ತು", "ಸ್ವಲ್ಪ ಕುಳ್ಳು" ಅಂತ ಮುಖದ ಮುಂದೇನೇ ಹೇಳೋದು ಇವತ್ತಿಗೂ ನಡೀತಿದೆ, ಇದರಲ್ಲಿ ಹುಡುಗಿ ಉತ್ತರ ಕೊಡೋ ಹಾಗಾಗ್ಬಾರದು. ಅಪ್ಪನೋ ಚಿಕ್ಕಪ್ಪನೋ "ನಮ್ ಮಗಳು ಹಿಂಗೇ ಇರೋದು, ಒಪ್ಪಿಗೆ ಇಲ್ಲ ಅಂದ್ರೆ ಕಾಫಿ ಕುಡಿದು ಹೊರಡಿ" ಅನ್ಬೇಕು. ಮೊದ್ಲೇ ಮನೇಲಿ ಕೂತು ಯಾರು ಹೇಳೋದು ಅಂತ ತೀರ್ಮಾನ ಮಾಡ್ಕೊಳ್ಳಿ, ಆ ಹೊತ್ತಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾ ಕೂತ್ರೆ ಹುಡುಗಿ ಅದನ್ನ ಜೀವನ ಪೂರ್ತಿ ಮರೆಯಲ್ಲ.

ಈಗ ಫಿಗರ್, ಪೀಸ್, ಐಟಂ. ಬಸ್‌ಸ್ಟ್ಯಾಂಡಲ್ಲಿ ಹುಡುಗರು "ಕಾಂಪ್ಲಿಮೆಂಟ್ ಅಷ್ಟೇ" ಅಂತಾರೆ. ಅಲ್ಲ. ಹೆಣ್ಣಿನ ಮಾನಕ್ಕೆ ಅವಮಾನ ಮಾಡೋ ಉದ್ದೇಶದಿಂದ ಆಡೋ ಮಾತು, ಸನ್ನೆಗೆ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 79ರಲ್ಲಿ ಮೂರು ವರ್ಷದವರೆಗೆ ಜೈಲು, ದಂಡ ಇದೆ, 2024ರ ಜುಲೈ 1ರಿಂದ ಜಾರಿ, ಮುಂಚೆ ಇದು ಐಪಿಸಿ 509 ಆಗಿತ್ತು. ತೊಂದ್ರೆ ಆಗ್ತಿದ್ರೆ 112ಕ್ಕೆ ಮಾಡಿ, ಮಹಿಳಾ ಸಹಾಯವಾಣಿ 181. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು ಇದನ್ನ ತಿಳ್ಕೊಂಡಿರಿ: ಸೂಪರ್‌ವೈಸರ್ ಮೈ ಬಗ್ಗೆ ಅಸಹ್ಯವಾಗಿ ಮಾತಾಡಿದ್ರೆ ಅದು 2013ರ ಕಾನೂನಲ್ಲಿ ಲೈಂಗಿಕ ಕಿರುಕುಳಾನೇ, 10 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡೋ ಕಡೆ ಒಳಗೇ ದೂರು ಕೇಳೋ ಸಮಿತಿ ಇರ್ಲೇಬೇಕು, ಮೂರು ತಿಂಗಳೊಳಗೆ ಬರೆದು ಕೊಡಿ. ಚಿಕ್ಕ ಜಾಗದಲ್ಲಿ ಕೆಲಸ ಮಾಡೋರಿಗೆ, ಮನೆಗೆಲಸದೋರಿಗೂ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತೆ. ಯಾವ ದಿನ, ಯಾವ ಮಾತು, ಪಕ್ಕದಲ್ಲಿ ಯಾರಿದ್ರು ಅಂತ ಅವತ್ತೇ ಬರೆದಿಟ್ಕೊಳ್ಳಿ, ವಾಟ್ಸಾಪಲ್ಲಿ ಬಂದಿದ್ರೆ ಡಿಲೀಟ್ ಮಾಡ್ಬೇಡಿ.

ಮಕ್ಕಳ ವಿಷ್ಯ

ಸ್ಕೂಲ್‌ನೋರಿಗೂ ನಮ್ ಕಸುಬಿನೋರಿಗೂ ಒಂದು ಕೋರಿಕೆ. ಯೂನಿಫಾರ್ಮ್ ಅಳತೆ ತಗೊಳ್ಳೋಕೆ ಹೋದಾಗ ಇಡೀ ಕ್ಲಾಸ್ ಮುಂದೆ ಸಾಲಾಗಿ ನಿಲ್ಲಿಸಿ ಎದೆ ಸೊಂಟ ಕೂಗಿ ಬರೆಸ್ತಾರೆ, ಏಳನೇ ಎಂಟನೇ ಕ್ಲಾಸಿನ ಹೆಣ್ಮಕ್ಕಳು ಕೈ ಕಟ್ಕೊಂಡು ಗೂನು ಬೆನ್ನು ಮಾಡ್ಕೊಂಡು ನಿಲ್ತಾರೆ, ಅಳತೇನೂ ತಪ್ಪಾಗುತ್ತೆ, ಆಮೇಲೆ ಆ ನಂಬರೇ ಒಂದು ವರ್ಷ ಅಡ್ಡಹೆಸರು. ಅಳತೆಗೆ ಹೆಂಗಸರನ್ನೇ ಕಳಿಸಿ, ಒಂದು ಖಾಲಿ ರೂಮ್ ಕೊಡಿ, ಒಬ್ಬೊಬ್ಬರನ್ನೇ ಕರೀರಿ, ಚೀಟೀಲಿ ರೋಲ್ ನಂಬರ್ ಮಾತ್ರ ಬರೀರಿ, ಒಂದಿಂಚು ಬಟ್ಟೆ ಒಳಗೆ ಬಿಡೋಕೆ ಹೇಳಿ, ವರ್ಷದ ಮಧ್ಯ ಮಗು ಬೆಳೆದ್ರೆ ಬಿಚ್ಚಿಸ್ಕೋಬಹುದು.