ಬಚ್ಚಲ ನಲ್ಲಿ ರಿಪೇರಿ

ಹಾಸನದ ನಮ್ಮನೆ ಬಚ್ಚಲಿನ ಹಿತ್ತಾಳೆ ನಲ್ಲಿಗೆ ಎರಡು ಕಾಯಿಲೆ. ತಿರುಗಿಸಲು ಬಿಗಿ, ನಿಲ್ಲಿಸಿದರೂ ತೊಟ್ಟಿಕ್ಕುತ್ತಿತ್ತು. ಒಂದು ರಾತ್ರಿ ಕೆಳಗೆ ಬಿಂದಿಗೆ ಇಟ್ಟು ಮಲಗಿದೆ, ಬೆಳಗ್ಗೆ ಅರ್ಧ ತುಂಬಿತ್ತು. "ಇನ್ನೊಂಚೂರು ಬಿಗಿಯಾಗಿ ತಿರುಗಿಸೋ" ಅನ್ನುವುದೇ ಅಮ್ಮನ ಮದ್ದು.

ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ದಿನ ಸರಾಗ. ಆಮೇಲೆ ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ನಲ್ಲಿ ಮೊದಲಿಗಿಂತ ಬಿಗಿಯಾಯಿತು! 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆಂದು ತಲೆಗೆ ಹಚ್ಚುವವನಿಗೆ ಗೊತ್ತಿರಬೇಕಿತ್ತು.

ಭಾನುವಾರ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿದೆ. ನಲ್ಲಿ ತೆರೆದೇ ಇರಬೇಕು. ಮುಚ್ಚಿಟ್ಟು ಬಿಚ್ಚಿದರೆ ಒಳಗಿನ ತಿರುಪಿನ ಮರೆಗೆ ಪೆಟ್ಟು. ಮೇಲಿನ ನಟ್ಟಿಗೆ ಬಟ್ಟೆ ಸುತ್ತಿ ಪಾನ (ಸ್ಪ್ಯಾನರ್) ಹಾಕಿ ಎಡಕ್ಕೆ ತಿರುಗಿಸಿದೆ.

ಹಿಡಿಯ ಕಡ್ಡಿ ಹೊರಬಂತು. ಅದರ ತುದಿಯಲ್ಲಿ ನೀರು ತಡೆಯುವ ರಬ್ಬರ್ ವಾಷರ್ ಮೇಲೆ ಆಳವಾದ ಉಂಗುರದ ಗುರುತು, ಒಂದು ಕಡೆ ಸೀಳು. ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿ ಹಳೆಯದನ್ನೇ ತೋರಿಸಿ ಅರ್ಧ ಇಂಚಿನ ನಲ್ಲಿಗೆ ಎರಡು ವಾಷರ್ ತಂದೆ. ಹಾಕಿದೆ. ಮತ್ತೆ ತೊಟ್ಟಿಕ್ಕಿತು.

ತಪ್ಪು ರಬ್ಬರಿನದಲ್ಲ. ಮತ್ತೆ ಬಿಚ್ಚಿ, ವಾಷರ್ ಕೂರುವ ಹಿತ್ತಾಳೆ ಅಂಚಿನ ಮೇಲೆ ಬೆರಳಾಡಿಸಿದಾಗ ಮರಳಿನಂತೆ ಕೊರೆಯಿತು. ಬಚ್ಚಲಿಗೆ ಬರುವುದು ಬೋರ್‌ವೆಲ್ ನೀರು. ಅದರ ಸುಣ್ಣದಂಶ ಅಂಚಿನ ಮೇಲೆ ಬಿಳಿ ಪೊರೆಯಾಗಿ ಕೂತಿತ್ತು. ನಾವು ಒತ್ತಿ ಒತ್ತಿ ತಿರುಗಿಸಿದಷ್ಟೂ ಆ ಕಾಳುಗಳು ರಬ್ಬರನ್ನು ಸೀಳುತ್ತಿದ್ದವು. ಅಮ್ಮನ ಮದ್ದೇ ಕಾಯಿಲೆ. ನಿಂಬೆರಸದಲ್ಲಿ ಅದ್ದಿದ ಹತ್ತಿಯನ್ನು ಅರ್ಧ ಗಂಟೆ ಅಲ್ಲಿ ಕೂರಿಸಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಅಂಚು ನುಣುಪಾಯಿತು. ಅಲ್ಲೇ ಗುಳಿ ಬಿದ್ದಿದ್ದರೆ ಎಷ್ಟು ವಾಷರ್ ಬದಲಿಸಿದರೂ ದಂಡ, ಪ್ಲಂಬರ್ ಕೈಲಿ ಅಂಚು ಕಡೆಸಬೇಕು, ಇಲ್ಲವೇ ಹೊಸ ನಲ್ಲಿ.

ಬಿಗಿಗೆ ಕಾರಣ ಬೇರೆ. ಹಿಡಿಯ ಕಡ್ಡಿ ಸುತ್ತ ತುಂಬಿದ ನೂಲು ಒಣಗಿ ಕಲ್ಲಾಗಿತ್ತು. ಸೂಜಿಯಿಂದ ಕೆದಕಿ ತೆಗೆದು, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ಸುತ್ತಿ, ಗ್ರೀಸ್ ಸವರಿ, ಸಣ್ಣ ನಟ್ಟನ್ನು ನೀರು ಸೋರದಷ್ಟು ಮಾತ್ರ ಬಿಗಿದೆ.

ಈಗ ಎರಡು ಬೆರಳಲ್ಲಿ ತಿರುಗುತ್ತದೆ. ಅಡುಗೆಮನೆಯ ಕಾಲು ಸುತ್ತಿನ ನಲ್ಲಿಗೆ ಈ ವಿದ್ಯೆ ನಡೆಯದು. ಅದರಲ್ಲಿ ವಾಷರ್ ಬದಲು ಸೆರಾಮಿಕ್ ಬಿಲ್ಲೆ, ಕೆಟ್ಟರೆ ಒಳಗಿನ ಸೆಟ್ಟನ್ನೇ ಬದಲಿಸಬೇಕು.

ಅಮ್ಮ ಮಲಗುವ ಮುಂಚೆ ಈಗಲೂ ಒಮ್ಮೆ ಹೋಗಿ ಬಲವಾಗಿ ತಿರುಗಿಸಿ ಬರುತ್ತಾರೆ. ಎರಡನೇ ವಾಷರ್ ಡಬ್ಬಿಯಲ್ಲಿದೆ.