ಅಡ್ವಾನ್ಸ್ ವಾಪಸ್ ಬೇಡ, ಸೈಟೇ ಬೇಕು

"ಅಡ್ವಾನ್ಸ್‌ನ ಬಡ್ಡಿ ಸಮೇತ ವಾಪಸ್ ಕೊಡ್ತಾರಂತೆ ಸಾರ್. ನನಗೆ ದುಡ್ಡು ಬೇಡ, ಸೈಟೇ ಬೇಕು." ಸೈಟು ಮಾರಲು ಒಪ್ಪಿ ಅಡ್ವಾನ್ಸ್ ತೆಗೆದುಕೊಂಡವರು ರೇಟು ಏರಿದ ಮೇಲೆ ಹಿಂದೆ ಸರಿದಾಗಲೆಲ್ಲ ಸಿವಿಲ್ ವಕೀಲರ ಆಫೀಸಿನಲ್ಲಿ ಈ ಮಾತು ಕೇಳುತ್ತದೆ. ಅಂಥ ಒಂದು ದಾವಾವನ್ನು ನಾನು ನಡೆಸಿದ್ದು ಹೀಗೆ.

ಕರಾರು ಮುರಿದವನಿಂದ ನಷ್ಟಕ್ಕೆ ಹಣ ವಸೂಲಿ ಮಾಡಬಹುದು. ಇಲ್ಲವೇ ಒಪ್ಪಿದ ಕೆಲಸವನ್ನೇ ಮಾಡಿಸಬಹುದು. ಹಿಂದೆ ಇಂಗ್ಲೆಂಡಿನಲ್ಲಿ ಹಣಕ್ಕೆ ಕಾಮನ್ ಲಾ ಕೋರ್ಟು, ಕೆಲಸ ಮಾಡಿಸೋಕೆ ಚಾನ್ಸರಿ ಕೋರ್ಟು ಅಂತ ಬೇರೆ ಬೇರೆ ಇದ್ದವು. ನಮ್ಮಲ್ಲಿ ಎರಡನ್ನೂ ಒಂದೇ ದಾವಾದಲ್ಲಿ ಕೇಳಬಹುದು. ಆದರೆ ಚಾನ್ಸರಿಯ ಹಳೇ ಪಟ್ಟು ಒಪ್ಪಿದ ಕೆಲಸವನ್ನೇ ಮಾಡಿಸಲು ಇರುವ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್‌ನಲ್ಲಿ ಉಳಿದಿದೆ: ಕೇಳಲು ಬಂದವನು ಮೊದಲು ತಾನು ಸರಿ ಇರಬೇಕು.

ಹಾಗಾಗಿ ಅಗ್ರಿಮೆಂಟ್ ಓದಿ ಮುಗಿಸಿದ ಕೂಡಲೇ ಬ್ಯಾಂಕ್ ಪಾಸ್‌ಬುಕ್ ಕೇಳಿದೆ. ಕಕ್ಷಿದಾರರಿಗೆ ಸ್ವಲ್ಪ ಬೇಜಾರಾಯ್ತು. "ತಪ್ಪು ಮಾಡಿದ್ದು ಅವರು, ಲೆಕ್ಕ ನಾನ್ಯಾಕೆ ಕೊಡಬೇಕು?" ಆ ಕಾಯ್ದೆಯ 16(ಸಿ) ಕಲಂ ಇರುವುದೇ ಅದಕ್ಕೆ. ಬಾಕಿ ಹಣ ಕೊಡುವ ಶಕ್ತಿಯೂ ಇತ್ತು, ಮನಸ್ಸೂ ಇತ್ತು ಅಂತ ಕೊಂಡುಕೊಳ್ಳುವವರೇ ರುಜುವಾತು ಮಾಡಬೇಕು. ದುಡ್ಡನ್ನು ಕೋರ್ಟಿಗೆ ತಂದು ಕಟ್ಟಲೇಬೇಕೆಂದಿಲ್ಲ, ಕೋರ್ಟು ಹೇಳಿದರೆ ಕಟ್ಟಬೇಕು. 2018ರ ತಿದ್ದುಪಡಿ ಆದಮೇಲೆ ದಾವಾ ಅರ್ಜಿಯಲ್ಲಿ ಇದನ್ನು ಬರೆಯಲೇಬೇಕು ಅನ್ನುವ ಮಾತು ಆ ಕಲಮಿನಿಂದ ಹೋಯಿತು. ನಾನಂತೂ ಈಗಲೂ ಬರೆಯುತ್ತೇನೆ. ಬರೆಯದ್ದನ್ನು ಸಾಕ್ಷಿಯಲ್ಲಿ ಹೇಳಿಸುವುದು ಕಷ್ಟ, ಅಲ್ವಾ?

ಎಫ್‌ಡಿ ರಸೀದಿ, ಬ್ಯಾಂಕಿನ ಲೋನ್ ಮಂಜೂರಾತಿ ಪತ್ರ, "ರಿಜಿಸ್ಟ್ರೇಷನ್‌ಗೆ ಯಾವತ್ತು ಬರ್ತೀರಿ?" ಎಂದು ಕೇಳಿದ ವಾಟ್ಸ್‌ಆ್ಯಪ್ ಮೆಸೇಜುಗಳು, ಎಲ್ಲ ಜೋಡಿಸಿದೆವು. ಮೆಸೇಜುಗಳ ಪ್ರಿಂಟ್ ಕೊಟ್ಟರಷ್ಟೇ ಸಾಲದು, ಜೊತೆಗೆ ಆ ಪ್ರಿಂಟ್ ಯಾವ ಫೋನಿನಿಂದ, ಹೇಗೆ ಬಂತು ಎಂದು ದೃಢೀಕರಿಸುವ, ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಬೇಕು. ಈಗಿನ ಸಾಕ್ಷ್ಯ ಕಾಯ್ದೆಯಲ್ಲಿ ಅದು 63ನೇ ಕಲಂ.

ದಾವಾ ಹಾಕುವ ಮೊದಲೇ ಲೀಗಲ್ ನೋಟಿಸ್ ಕೊಟ್ಟು, ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆಯನ್ನೂ ಹಾಕಿಸಿದೆ. ವಿಷಯ ಗೊತ್ತಿಲ್ಲದೆ, ಪೂರ್ತಿ ದುಡ್ಡು ಕೊಟ್ಟು ಕೊಂಡ ಮೂರನೆಯವರ ಮೇಲೆ ನಮ್ಮ ಅಗ್ರಿಮೆಂಟ್ ನಡೆಯುವುದಿಲ್ಲ. ಕೇಸು ನಡೆಯುವಾಗ ಮಾರಿದರೆ ಕೊಂಡವರೂ ತೀರ್ಪಿಗೆ ಬದ್ಧ, ನಿಜ. ಆದರೂ ಹೊಸಬರನ್ನು ಪಾರ್ಟಿ ಮಾಡುತ್ತಾ ಕೂರುವ ತಲೆನೋವು ಯಾಕೆಂದು, ಮಾರದಂತೆ ಸಿವಿಲ್ ಪ್ರೊಸೀಜರ್ ಕೋಡಿನ 39ನೇ ಆರ್ಡರ್ ಕೆಳಗೆ ತಾತ್ಕಾಲಿಕ ತಡೆಯಾಜ್ಞೆ ತೆಗೆದುಕೊಂಡೆವು.

ಕೋರ್ಟ್ ಫೀ ಮಾತ್ರ ಕಕ್ಷಿದಾರರಿಗೆ ಚುರುಕ್ ಅನ್ನಿಸಿತು. ಕರ್ನಾಟಕದಲ್ಲಿ ಅದನ್ನು ಬಾಕಿ ಹಣದ ಮೇಲಲ್ಲ, ಅಗ್ರಿಮೆಂಟಿನ ಪೂರ್ತಿ ಕ್ರಯದ ಮೇಲೆ ಕಟ್ಟಬೇಕು.

"ಸೈಟು ಸಿಗದಿದ್ದರೆ ಅಡ್ವಾನ್ಸ್ ಬಡ್ಡಿಯೊಂದಿಗೆ ಕೊಡಿಸಿ" ಎಂದೂ ಅರ್ಜಿಯಲ್ಲಿ ಸೇರಿಸಿದೆ. ಕಕ್ಷಿದಾರರು ಬೇಡವೇ ಬೇಡ ಎಂದರು, ಕೇಸು ಸಡಿಲ ಆಗುತ್ತದೆ ಅನ್ನುವ ಭಯ. ಹಾಗೇನೂ ಆಗುವುದಿಲ್ಲ. ಕೇಳದಿದ್ದರೆ ಸ್ಪೆಸಿಫಿಕ್ ರಿಲೀಫ್ ಆಕ್ಟಿನ 22ನೇ ಕಲಂ ಪ್ರಕಾರ ಅದನ್ನು ಕೊಡುವ ಹಾಗೇ ಇಲ್ಲ. ಆಮೇಲೆ ತಿದ್ದುಪಡಿ ಮಾಡಿ ಸೇರಿಸಬಹುದು, ಆದರೆ ಸುಮ್ನೆ ಯಾಕೆ ವಾಯಿದೆ ದಂಡ?

ಸೈಟು ಬರೆದುಕೊಡಬೇಕೆಂದು ಡಿಕ್ರಿ ಆಯಿತು. ಬಾಕಿ ಹಣ ಕಟ್ಟಲು ಕೋರ್ಟು ಕೊಟ್ಟ ಗಡುವು ಮೀರಿದರೆ ಅದೇ ಆಕ್ಟಿನ 28ನೇ ಕಲಂ ಕೆಳಗೆ ಕರಾರನ್ನೇ ರದ್ದು ಮಾಡಿ ಎಂದು ಮಾರುವವರು ಕೇಳಬಹುದು. ಹಾಗಾಗಿ ಗಡುವಿನೊಳಗೇ ಕಟ್ಟಿಸಿದೆ. ಅಷ್ಟಾದರೂ ಅವರು ಸಹಿಗೆ ಬರಲಿಲ್ಲ. ಡಿಕ್ರಿ ಜಾರಿ ಮಾಡಿಸಲು ಎಕ್ಸಿಕ್ಯೂಶನ್ ಅರ್ಜಿ ಹಾಕಿದೆವು. ಕೊನೆಗೆ ಕೋರ್ಟು ನೇಮಿಸಿದ ಅಧಿಕಾರಿಯೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು, ಅವರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಿದರು.