ಸೈಕಲ್ ಫ್ರೇಮಿನೊಳಗೆ ನೀರು ನಿಲ್ಲದಂತೆ ನಾನು ಮಾಡಿಕೊಂಡ ಏರ್ಪಾಡು

ಮಲೆನಾಡಿನ ಮಳೆಯಲ್ಲಿ ಓಡುವ ಸ್ಟೀಲ್ ಸೈಕಲ್ಲಿಗೆ ತುಕ್ಕು ಒಳಗಿನಿಂದ ಹಿಡಿಯುತ್ತದೆ. ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ, ಪೆಡಲಿನ ಆಕ್ಸಲ್ ಕೂರುವ ಬಿಬಿ (ಬಾಟಮ್ ಬ್ರಾಕೆಟ್) ಗೂಡಿನಲ್ಲಿ ಕಂದು ನೀರು ನಿಂತಿರುತ್ತದೆ. ಫ್ರೇಮಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಅದು. ಮೇಲಿನ ಪೈಪುಗಳಿಗೆ ಸೇರಿದ ನೀರು ಕೊನೆಗೆ ಇಳಿಯುವುದು ಅಲ್ಲಿಗೇ. ಆರಿದ್ರಾ ಮಳೆ ಹಿಡಿದ ಮೇಲೆ ತುಳಿಯುವಾಗ ಕರಕರ ಸದ್ದು ಬಂದರೆ ನನ್ನ ಮೊದಲ ಅನುಮಾನ ಅಲ್ಲಿಯ ಗುಂಡುಗಳ ಮೇಲೆ.

ಹೆಚ್ಚಿನ ನೀರು ನುಗ್ಗುವುದು ಸೀಟ್ ಪೈಪಿನ ಕ್ಲಾಂಪ್ ಹತ್ತಿರ. ಬಿಗಿ ಮಾಡಲೆಂದು ಪೈಪಿನ ಬಾಯಲ್ಲಿ ಒಂದು ಸೀಳು ಬಿಟ್ಟಿರುತ್ತಾರೆ. ಬಹುತೇಕ ಸೈಕಲ್ಲುಗಳಲ್ಲಿ ಅದು ಹಿಂದಕ್ಕೆ ಮುಖ ಮಾಡಿರುತ್ತದೆ. ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದಿನ ಚಕ್ರ ಎರಚುವ ಕೆಸರುನೀರು ನೇರ ಆ ಸೀಳಿಗೇ ಬಡಿಯುತ್ತದೆ. ಹಾಗಾಗಿ ಮಡ್‌ಗಾರ್ಡ್ ಹಾಕಿಸುವುದೇ ಮೊದಲ ಕೆಲಸ. ಆಮೇಲೆ ಹಳೆ ಟ್ಯೂಬಿನ ಗೇಣುದ್ದದ ತುಂಡು ಕತ್ತರಿಸಿ, ಸೀಟನ್ನು ಹೊತ್ತ ಕಂಬಿಗೆ, ಅಂದರೆ ಸೀಟ್ ಪೋಸ್ಟಿಗೆ, ತೂರಿಸಿ, ಕೆಳಗಿನ ಅಂಚು ಕ್ಲಾಂಪನ್ನೂ ಸೀಳನ್ನೂ ಮುಚ್ಚುವ ಹಾಗೆ ಎಳೆದಿದ್ದೇನೆ. ಮೇಲಿನ ಹಂಚು ಕೆಳಗಿನ ಹಂಚಿನ ಮೇಲೆ ಕೂತ ಹಾಗೆ ನೀರು ಹೊರಗಡೆಯೇ ಜಾರಿಹೋಗುತ್ತದೆ. ಪೋಸ್ಟಿಗೆ ಗ್ರೀಸ್ ಸವರಿ ಕೂರಿಸಿದರೆ ಅದು ಪೈಪಿಗೆ ಅಂಟಿಕೊಳ್ಳುವ ತಾಪತ್ರಯವೂ ಇಲ್ಲ. ಬಾಟಲ್ ಹಿಡಿಕೆ ಹಾಕದಿದ್ದರೂ ಅದರ ಸ್ಕ್ರೂಗಳನ್ನು ಗ್ರೀಸ್ ಹಚ್ಚಿ ತಿರುಗಿಸಿಡಬೇಕು.

ಇಷ್ಟಾದ ಮೇಲೆ ಉಳಿದ ಎಲ್ಲ ತೂತುಗಳಿಗೂ ಸೀಲೆಂಟ್ ತುಂಬಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನಮ್ಮ ಕಡೆ ಜುಲೈ ತಿಂಗಳ ಗಾಳಿಯೇ ಒದ್ದೆ. ಪೈಪು ತಣ್ಣಗಾದಾಗ ಒಳಗಿನ ತೇವ ಗೋಡೆಗೆ ಬೆವರಿ ಕೆಳಗಿಳಿಯುತ್ತದೆ. ಮಳೆಗೆ ಒಡ್ಡದ ಸೈಕಲ್ಲಿನೊಳಗೂ ಹೀಗೆ ನೀರು ಸೇರಬಹುದು. ಮೇಲಿನಿಂದ ಬರುವುದನ್ನು ತಡೆಯಬೇಕು, ಕೆಳಗಿನಿಂದ ಹೋಗುವುದಕ್ಕೆ ದಾರಿ ಬಿಡಬೇಕು. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಮುಖ್ಯ.

ಬಿಬಿ ಗೂಡಿನ ತಳದಲ್ಲಿ ಕೆಲವು ಫ್ರೇಮುಗಳಿಗೆ ತೂತು ಇದ್ದೇ ಇರುತ್ತದೆ. ಗೇರ್ ಕೇಬಲ್ಲಿನ ಗೈಡ್ ಸ್ಕ್ರೂ ಅದನ್ನು ಮುಚ್ಚಿಕೊಂಡಿದೆಯೇ ನೋಡಿ. ನನ್ನ ಸೈಕಲ್ಲಿಗೆ ಏನೂ ಇರಲಿಲ್ಲ. ಬಿಬಿ ಪೂರ್ತಿ ಬಿಚ್ಚಿ, ಗೂಡಿನ ನಟ್ಟನಡುವೆ, ಎರಡೂ ಬದಿಯ ತಿರುಪಿನ ಮರೆಗಳಿಂದ (ಥ್ರೆಡ್) ದೂರ, 4 ಮಿ.ಮೀ. ತೂತು ಕೊರೆದೆ. ಅಂಚು ಉಜ್ಜಿ, ಪುಡಿ ಒರೆಸಿ, ಬರಿ ಲೋಹಕ್ಕೆ ಬಣ್ಣ ಮುಟ್ಟಿಸಿದೆ. ಗೂಡಿನ ಲೋಹ ದಪ್ಪ, ಅದಕ್ಕೇ ಅಲ್ಲಿ ಕೊರೆಯುವ ಧೈರ್ಯ. ತೆಳುವಾದ ಪೈಪಿಗೆ ಡ್ರಿಲ್ ಇಡಬಾರದು, ಕಾರ್ಬನ್ ಫ್ರೇಮನ್ನಂತೂ ಮುಟ್ಟಲೇಬಾರದು. ವಾರಂಟಿ ಇರುವ ಸೈಕಲ್ಲಾದರೆ ಮೊದಲು ಅಂಗಡಿಯಲ್ಲಿ ಕೇಳಿಕೊಳ್ಳಿ.

ಬಿಬಿ ಬಿಚ್ಚಿದಾಗಲೇ ಒಳಗೆ ಎಣ್ಣೆ ಕುಡಿಸುವುದು ಸುಲಭ. ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್ಸೀಡ್ ಆಯಿಲ್ಲನ್ನು ಪೈಪುಗಳಿಗೆ ಸುರಿದು, ಫ್ರೇಮನ್ನು ಆ ಕಡೆ ಈ ಕಡೆ ವಾಲಿಸಿ, ಮಿಕ್ಕಿದ್ದನ್ನು ಬಸಿದು, ಒಣಗಲು ನೇತುಹಾಕುತ್ತೇನೆ. ಅದು ಒಣಗಿ ತೆಳುವಾದ ಪೊರೆ ಕಟ್ಟುತ್ತದೆ. ಮೃಗಶಿರಕ್ಕೆ ಮೊದಲು, ಬಿಸಿಲಿರುವಾಗ ಮುಗಿಸಿಬಿಡಬೇಕು. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಾನು ಅಂಗಳದ ಕಲ್ಲಿನ ಮೇಲೆ ಹರವಿ ಒಣಗಿಸುತ್ತೇನೆ.

ಜಡಿಮಳೆಯಲ್ಲಿ ನೆನೆದು ಬಂದ ದಿನ ಸೀಟ್ ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಸೀಟ್ ಪೈಪಿನ ನೀರು ಸುರಿದುಹೋಗುತ್ತದೆ. ಆಮೇಲೆ ಬಚ್ಚಲೊಲೆಯ ಬಿಸಿ ತಾಗುವಷ್ಟು ದೂರದಲ್ಲಿ ರಾತ್ರಿ ನಿಲ್ಲಿಸಿದರೆ ಸಾಕು. ಪೋಸ್ಟ್ ತೆಗೆಯುವ ಮೊದಲು ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಸೀಟಿನ ಎತ್ತರ ತಪ್ಪುವುದಿಲ್ಲ. ತಳದ ತೂತಿಗೆ ಕೆಸರು ಕಟ್ಟಿಕೊಳ್ಳುತ್ತಿರುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಹಳೆ ಕಡ್ಡಿ ಹಾಕಿ ಬಿಡಿಸಿ.